ಅಂಜಿಕೆ ಬಿಡಿಸುವ ಪಾಠ

ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಏಳನೆಯ ತರಗತಿಯ ಬಾಗಿಲು ಮುಂದೆ ಮಾಡಿ ಮಾಯಾ ಹೊರಗೆ ಬಂದಳು. ಒಳಗೆ ಅವಳದೇ ಧ್ವನಿ ಮಾತಾಡತೊಡಗಿತ್ತು: "ಮಕ್ಕಳೇ, ಕಣ್ಣು ಮುಚ್ಚಿಕೊಳ್ಳಿ. ನಾನು ಹೇಳುವವರೆಗೆ ತೆರೆಯಬೇಡಿ. ಯಾರು ಕರೆದರೂ, ಏನು ಸದ್ದಾದರೂ ನಿಮ್ಮ ಲಕ್ಷ್ಯ ನಿಮ್ಮ ಉಸಿರಿನ ಮೇಲಿರಲಿ." ಎಷ್ಟು ತಣ್ಣಗಿನ, ಎಷ್ಟು ನಿಧಾನದ ಧ್ವನಿ. ಹೊರಗೆ ನಿಂತವಳು ಮಾತ್ರ ಆಗಲೇ ಮೂರು ಸಲ ಗಡಿಯಾರ ನೋಡಿಕೊಂಡಿದ್ದಳು.

ಅದು ಅವಳ ಎಂ.ಎಡ್. ಪ್ರಾಜೆಕ್ಟು. ಪರೀಕ್ಷೆಯ ಅಂಜಿಕೆಯನ್ನು ಮಕ್ಕಳು ತಾವಾಗಿಯೇ ಕಳೆದುಕೊಳ್ಳಲಿ ಎಂದು ಸಿದ್ಧಪಡಿಸಿದ ಅರ್ಧ ತಾಸಿನ ಕ್ಯಾಸೆಟ್ ಪಾಠ. ಕುಲಗೋಡದ ಶಾಲೆಯಲ್ಲಿ ಇವತ್ತು ಅದರ ಪ್ರಯೋಗ. ನೋಡಲು ಬೆಳಗಾವಿಯಿಂದ ಅವಳ ಗೈಡ್ ಗೊಮ್ಮಟೇಶ ಸರ್ ಬರುವವರಿದ್ದರು. ಅವರು ಹೂಂ ಎಂದರೆ ಡಿಗ್ರಿ, ಊಹೂಂ ಎಂದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಎಂದರೆ ಮನೆಯವರು ಓದು ಬಿಡಿಸುವುದು ಖಂಡಿತ. ಪಾಪ, ಆ ಫೆಬ್ರವರಿಯಲ್ಲಿ ಮಾಯಾ ನಿದ್ದೆ ಮಾಡಿದ್ದೇನಿದ್ದರೂ ಬಸ್ಸಿನಲ್ಲಿ.

"ಅಂಜಿಕಿ ಬಿಡಸೋ ಕ್ಯಾಸೆಟ್ ಮಾಡಾಕತ್ತೇನಿ ಅಂತಿ. ಅದನ್ನ ಮೊದಲ ನೀ ಒಮ್ಮೆ ಕುಂತು ಕೇಳಬಾರದೇನ?" ಎಂದಿದ್ದರು ಅತ್ತೆ. ಕೂತು ಕೇಳಲು ಪುರುಸೊತ್ತು ಯಾರಿಗಿತ್ತು? ಸರ್ ಆಗಲೇ ಎರಡು ಸಲ ವಾಪಸ್ಸು ಕಳಿಸಿದ್ದರು. "ಭಾಳ ಜೋರ್ ಓಡಸ್ತೀರಿ. ಇನ್ನೂ ಸಾವಕಾಶ ಹೇಳ್ರಿ." ಮತ್ತೊಮ್ಮೆ, ಇನ್ನೂ ಸಾವಕಾಶವಾಗಿ ಹೇಳಿ ರೆಕಾರ್ಡ್ ಮಾಡಿ, ತಿರುಗಿಸಿ ಕೇಳದೆ ಹಾಗೇ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಸ್ವಯಂ ಕಲಿಕೆ ಎಂದ ಮೇಲೆ ಪಾಠ ನಡೆಯುವಾಗ ಶಿಕ್ಷಕರು ಕೋಣೆಯಲ್ಲಿರಬಾರದು ಎಂಬುದು ಸರ್ ಹಾಕಿಕೊಟ್ಟ ನಿಯಮ. ಅದಕ್ಕೆ ಹೆಡ್ ಮಾಸ್ತರರು ತಮ್ಮದೂ ಒಂದಿಷ್ಟು ಸೇರಿಸಿದ್ದರು. "ಗೋಕಾಕದಿಂದ ಈ ಬಾಯಾರು ಪಾಠ ಹೇಳಾಕ ಬಂದಾರ. ಅವರು ಹೇಳಿದಂಗ ಕೇಳಬೇಕು. ಯಾರರ ಕಣ್ಣ ಪಿಳಕಿಸಿದ್ರ ನನ್ನ ಕಡೆ ಬಡಿಗಿ ಐತಿ." ಅಂಜಿಕೆ ಬಿಡಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಕ್ಕೀತೆ? ಆ ಬಾಗಿಲನ್ನು ಯಾರೂ ತೆಗೆಯಕೂಡದು ಎಂದು ಉಳಿದ ಮಾಸ್ತರರಿಗೂ ತಾಕೀತು ಮಾಡಿ, ಅವರು ಮೂಡಲಗಿಗೆ ಮೀಟಿಂಗಿಗೆ ಹೊರಟುಹೋದರು.

ಸರ್ ಇದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಪಾಠ ಮುಗಿಯುವಷ್ಟರಲ್ಲಿ ಅವರನ್ನು ಕರೆತರೋಣವೆಂದು ಹೋದ ಮಾಯಾ ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ಕಾದೇ ಕಾದಳು. ತನ್ನ ಪಾಠದಲ್ಲಿದ್ದಂತೆಯೇ ಒಂದೆರಡು ಸಲ ಉಸಿರು ಉದ್ದಕ್ಕೆ ಎಳೆದೂ ನೋಡಿದಳು. ಕಬ್ಬಿನ ಟ್ರ್ಯಾಕ್ಟರು ಎಬ್ಬಿಸಿದ ಧೂಳು ಒಳಗೆ ಹೋಗಿ ಕೆಮ್ಮು ಬಂತು. ಸರ್ ಬಂದಿಳಿದು ಇಬ್ಬರೂ ಶಾಲೆ ಮುಟ್ಟುವಷ್ಟರಲ್ಲಿ ಬೇರೆ ತರಗತಿಯ ಮಕ್ಕಳು ಮನೆಗೆ ಹೋಗಿ ಉಂಡು ತಿರುಗಿ ಬರುತ್ತಿದ್ದರು.

"ಪಾಠ ಮುಗದಿರಬೇಕಲ್ರಿ?" ಎಂದು ಸರ್ ಕೇಳಿದರು.

"ಯಾವಾಗೋ ಮುಗದಿರತೈತ್ರಿ ಸರ್. ಹುಡುಗೂರು ಊಟಕ್ಕ ಹೋಗಿರಬೇಕು, ಕರಸ್ತೀನಿ," ಎನ್ನುತ್ತ ಮಾಯಾ ಬಾಗಿಲು ತಳ್ಳಿದಳು.

ಕ್ಯಾಸೆಟ್ ನಿಂತುಹೋಗಿತ್ತು. ಮಕ್ಕಳು ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಕೈಯಿಟ್ಟುಕೊಂಡು ಸಾಲಾಗಿ ಕೂತೇ ಇದ್ದರು. ಒಬ್ಬರೂ ಅಲುಗಾಡುತ್ತಿರಲಿಲ್ಲ. ಮಾಯಾ ಟೇಪ್ ರೆಕಾರ್ಡರಿನತ್ತ ನೋಡಿದಳು. 'ಈಗ ನಿಧಾನವಾಗಿ ಕಣ್ಣು ತೆರೆಯಿರಿ' ಎಂಬುದು ಪಾಠದ ಕಟ್ಟಕಡೆಯ ಮಾತು. ಸಾವಕಾಶ, ಇನ್ನೂ ಸಾವಕಾಶ ಎಂದು ಎಳೆಯುತ್ತ ಹೋಗಿ, ಆ ಮಾತು ಬರುವ ಮೊದಲೇ ರೀಲು ತೀರಿಹೋಗಿತ್ತು. ರೆಕಾರ್ಡ್ ಮಾಡುವಾಗ ಹಾಳೆ ನೋಡಿ ಓದುತ್ತಿದ್ದವಳಿಗೆ ನಿದ್ದೆಗಣ್ಣಿನಲ್ಲಿ ಅದು ಗೊತ್ತೇ ಆಗಿರಲಿಲ್ಲ.

"ಭೇಷ್," ಎಂದರು ಸರ್, ಬಾಗಿಲಲ್ಲೇ ನಿಂತು ದನಿ ತಗ್ಗಿಸಿ. "ಇಂಥಾ ಏಕಾಗ್ರತಾ ನಾ ಕಾಲೇಜಿನ್ಯಾಗೂ ನೋಡಿಲ್ರಿ. ನಿಮ್ಮ ಪ್ರಾಜೆಕ್ಟ್ ಪಾಸಾತು ಅಂತ ತಿಳ್ಕೋರಿ."

ಆ ಒಂದು ಮಾತಿಗಾಗಿ ಅವಳು ವರ್ಷವಿಡೀ ಒದ್ದಾಡಿದ್ದಳು. ಈಗ ಅದು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಮೊದಲ ಸಾಲಿನ ತುದಿಯಲ್ಲಿ ಕೂತ ಲಕ್ಕವ್ವ ಎಂಬ ಹುಡುಗಿಯ ಲಂಗ ಒದ್ದೆಯಾಗಿತ್ತು. ಉಚ್ಚೆ ಹಾಸುಗಲ್ಲಿನ ಮೇಲೆ ಹರಿದು ಪಕ್ಕದವಳ ಪಾದವನ್ನು ಮುಟ್ಟಿತ್ತು. ಆ ಪಕ್ಕದವಳು ಕಾಲು ಕೂಡ ಸರಿಸಿರಲಿಲ್ಲ. ಲಕ್ಕವ್ವನ ಮುಚ್ಚಿದ ಕಣ್ಣುಗಳಿಂದ ನೀರು ಕೆನ್ನೆಗೆ ಇಳಿಯುತ್ತಿತ್ತು.

"ಕಣ್ ತಗೀರಿ ಯವ್ವಾ. ಸಾಕು, ಎಲ್ಲಾರೂ ಕಣ್ ತಗೀರಿ," ಎಂದಳು ಮಾಯಾ. ದನಿ ಒಡೆದು ಹೊರಗೆ ಬಂತು. ಯಾರೂ ಕಣ್ಣು ತೆಗೆಯಲಿಲ್ಲ. ಅವಳು ಓಡಿಹೋಗಿ ಲಕ್ಕವ್ವನ ಮುಂದೆ ಆ ಒದ್ದೆಯಲ್ಲೇ ಕೂತು ಭುಜ ಹಿಡಿದಳು. ಹುಡುಗಿ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಳು.

"ನಾನವ್ವಾ, ನಾನ ಬಾಯಾರು. ನಾನ ಹೇಳಾಕತ್ತೇನಿ, ತಗಿ."

ಲಕ್ಕವ್ವ ಇಲ್ಲವೆಂದು ತಲೆಯಾಡಿಸಿ ಮೆಲ್ಲಗೆ ಅಂದಳು:

"ಕ್ಯಾಸೆಟ್ಟಿನ್ಯಾಗಿನ ಬಾಯಾರು ಇನ್ನೂ ಹೇಳಿಲ್ರಿ."