ಅರವತ್ತೊಂದನೆಯ ಮನೆ

ಸಾಲಿನ ನೂರು ಮನೆಗಳೂ ತುಂಬಿದ್ದು ಪ್ರೋಗ್ರಾಂ ಬರೆದವಳ ಕಣ್ಣಿಗೆ ಬಿದ್ದಾಗ ಮ್ಯಾನೇಜರನ ಬೆರಳು ಆಗಲೇ ಹೊಸ ಆದೇಶ ಸೇರಿಸುವ ಕೀಲಿಯ ಮೇಲಿತ್ತು. ಕಾರ್ಖಾನೆಯ ಕಂಪ್ಯೂಟರಿನ ಆ ಒಂದೇ ಸಾಲಿನಲ್ಲಿ, ಮನೆಗೊಂದರಂತೆ, ಕಾರ್ಮಿಕರ ದೂರುಗಳು ಎಡತುದಿಯಿಂದ, ಯಜಮಾನರ ಆದೇಶಗಳು ಬಲತುದಿಯಿಂದ ಪೇರುತ್ತ ಬಂದು ಈಗ ಮೂತಿಗೆ ಮೂತಿ ತಾಗಿಸಿ ನಿಂತಿದ್ದವು. ಎಡರಾಶಿಯ ತುದಿಯಲ್ಲಿ, ಅರವತ್ತೊಂದನೆಯ ಮನೆಯಲ್ಲಿ, ಬಾಯ್ಲರುಗಳ ಬಳಿ ದುಡಿಯುವ ಅವಳ ಅಕ್ಕನ ದೂರಿತ್ತು: “ಮೂರನೇ ಬಾಯ್ಲರಿನ ಸೇಫ್ಟಿ ವಾಲ್ವ್ ಕಚ್ಚಿಕೊಂಡಿದೆ, ಹೊತ್ತಿಸಬೇಡಿ.” ಅದನ್ನಿನ್ನೂ ಯಾರೂ ಓದಿರಲಿಲ್ಲ.

“ಸಾರ್, ತಡೀರಿ! ಜಾಗ ತುಂಬಿದೆ.”

“ತುಂಬಿದ್ರೆ ಯಜಮಾನ್ರ ಮಾತು ಬಾಗ್ಲಲ್ಲಿ ಕಾಯ್ತಾ ನಿಲ್ಬೇಕೇನಮ್ಮ? ಅದಕ್ಕೇ ತಾನೆ ಹೋದ ವಾರ ನಿನ್ ಕೈಲೇ ಆ ತಡೆ ಕಿತ್ತಾಕ್ಸಿದ್ದು?”

ನಿಜ. ರಾಶಿಗಳು ತಾಗಿದರೆ ಎರಡನ್ನೂ ನಿಲ್ಲಿಸುವ ತಡೆಯನ್ನು ಆದೇಶಗಳ ಕಡೆಯಿಂದ ಅವಳೇ ತೆಗೆದಿದ್ದಳು. ದೂರುಗಳ ಕಡೆ ಹಾಗೇ ಬಿಟ್ಟಿದ್ದಳು. ಕೆಲಸ ಉಳಿಯಲಿ ಅಂತ.

“ಅಲ್ಲಿ ನಮ್ಮಕ್ಕನ ದೂರಿದೆ ಸಾರ್...”

“ಆಮೇಲೆ ಓದೋಣ ಬಿಡು” ಎಂದು ಅವನು ಕೀಲಿ ಒತ್ತಿದ.

ಅಕ್ಕನ ಮಾತು ಅಳಿಸಿಹೋಗಿ, ಅದಿದ್ದ ಮನೆಯಲ್ಲಿ ಈಗ ಆದೇಶವಿತ್ತು: “ಮೂರನೇ ಬಾಯ್ಲರ್ ಹೊತ್ತಿಸಿ.” ಅವಳು ಅಕ್ಕನಿಗೆ ಫೋನ್ ಮಾಡಿದಳು. ಕೆಲಸಕ್ಕೆ ಬರುವ ಕಾರ್ಮಿಕರಿಂದ ಗೇಟಿನಲ್ಲಿ ಕಿತ್ತಿಟ್ಟುಕೊಂಡ ಫೋನುಗಳ ಬುಟ್ಟಿಯಲ್ಲಿ ಅದು ಸುಮ್ಮನೆ ರಿಂಗಾಗುತ್ತಿತ್ತು. ಕಿಟಕಿಯಾಚೆ ಮೂರನೇ ಚಿಮಣಿ ಹೊಗೆಯುಗುಳತೊಡಗಿತು.