ನೂಲು ಎಳೆಯದ ಉಸಿರು

ಸಾತವ್ವ ಮಗ್ಗದ ಲಾಳಿಯ ಕಣ್ಣಿಗೆ ಬಾಯಿ ಹಚ್ಚಿ, ನೂಲನ್ನು ಉಸಿರಿನಿಂದ ಎಳೆದಳು. ಮೂರನೆಯ ಸಲವೂ ನೂಲು ಬರಲಿಲ್ಲ. ಬನಹಟ್ಟಿಯಲ್ಲಿ ನಲವತ್ತು ವರ್ಷ ಹೀಗೇ ಎಳೆದೆಳೆದು ಹತ್ತಿಯ ದೂಳೆಲ್ಲ ಅವಳ ಎದೆಯಲ್ಲಿ ಕೂತಿತ್ತು.

"ಔಷಧದ ಪುಡೀನೂ ನೀ ಹಿಂಗ ಮೆಲ್ಲಕ ಎಳೀತಿ, ಆಯಿ," ಎಂದಳು ಮೊಮ್ಮಗಳು ಪ್ರತಿಮಾ. ಅವಳಿಗೆ ಅಜ್ಜಿ ಉಸಿರಿನ ಜೊತೆ ಎಳೆದುಕೊಳ್ಳುವ ಆ ಪುಡಿಯನ್ನು ತಯಾರಿಸುವ ಇನ್‌ಹೇಲರ್ ಕಂಪನಿಯಲ್ಲೇ ಕೆಲಸ. ಲ್ಯಾಪ್‌ಟಾಪಿನ ಪರದೆಯ ಮೇಲೆ ಪುಡಿಯ ಹಸಿರು ಚುಕ್ಕೆಗಳು ಶ್ವಾಸಕೋಶದ ತಳಕ್ಕಿಳಿಯುತ್ತಿದ್ದವು. "ನೋಡು, ಕಂಪ್ಯೂಟರಿನಾಗ ಬರೋಬ್ಬರಿ ಮುಟ್ಟತೈತಿ."

"ಅದರಾಗ ಯಾರ ಉಸಿರು ಹಾಕೀದಿ?"

"ಗಟ್ಟಿಮುಟ್ಟ ಇದ್ದಾಂವಂದು."

"ಗಟ್ಟಿ ಇದ್ದಾಂವಗ ಔಷಧ ಯಾಕ ಬೇ?" ಸಾತವ್ವ ಲಾಳಿಯನ್ನು ಕೀಬೋರ್ಡಿನ ಮೇಲೆ ಇಟ್ಟಳು. "ನಾಕ ತಿಂಗಳಿಂದ ಔಷಧ ಹತ್ತವಲ್ದು ಅಂದ್ರ ಎಲ್ಲಾರೂ ನಂದ ತಪ್ಪು ಅಂದ್ರಿ. ಈ ನೂಲು ಎಳಿಯಾಕ ಬರದ ಉಸಿರು ಹಾಕಿ ನೋಡು."

ಪ್ರತಿಮಾ ಉಸಿರಿನ ಅಂಕಿಯನ್ನು ಅರ್ಧಕ್ಕಿಳಿಸಿದಳು. ಚುಕ್ಕೆಗಳು ಗಂಟಲಲ್ಲೇ ನಿಂತುಬಿಟ್ಟವು. ಔಷಧ ಎದೆಗೆ ಮುಟ್ಟುತ್ತಿಲ್ಲವೆಂದು ಅಜ್ಜಿ ಕಂಪನಿಗೆ ಬರೆದುಕೊಟ್ಟಿದ್ದ ಪತ್ರ ಅಷ್ಟು ದಿನವೂ ಅಲ್ಲಿಗೆ ತಲುಪದೆ ಪ್ರತಿಮಾಳ ಚೀಲದಲ್ಲೇ ಇತ್ತು. ಅದನ್ನು ತೆಗೆದು ಅಜ್ಜಿಯ ಹೆಸರಿನ ಕೆಳಗೆ ತನ್ನ ಸಹಿಯನ್ನೂ ಹಾಕಿದಳು. ಪತ್ರದ ಫೋಟೊ ತೆಗೆದು, ಪರದೆಯ ಆ ಚಿತ್ರದ ಜೊತೆ ಕಂಪನಿಯ ಮುಖ್ಯಸ್ಥರಿಗೆ ಕಳಿಸಿದಳು.