ನಡಾವಳಿಯಲ್ಲಿ ಒಬ್ಬ ಹೆಣ್ಣುಮಗಳು

“ನಾನೂ ಒಂದ್ಸಲ ಇಲ್ಲಿ ಎದ್ದು ನಿಂತು ಮಾತಾಡೇನಿ. ಅದು ಐತೇನ್ರಿ ಅದರಾಗ?”

ಗ್ರಾಮಸಭೆಯ ಹಿಂದಿನ ಸಾಲಿನಿಂದ ಸಿದ್ದವ್ವ ಕೇಳಿದಳು. ಮೋರಟಗಿ ಕಡೆಯ ಆ ಹಳ್ಳಿಯ ಪಂಚಾಯಿತಿಯಲ್ಲಿ ಮೂವತ್ತು ವರ್ಷಗಳ ನಡಾವಳಿ ಪುಸ್ತಕಗಳನ್ನೆಲ್ಲ ಪುಟಪುಟವಾಗಿ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ದರು. ಹಳೆಯ ಕೈಬರಹವನ್ನು ಎಐ ಓದಿ, ಯಾವ ಸಭೆಯಲ್ಲಿ ಏನಾಯಿತೆಂದು ಹುಡುಕಿಕೊಡುತ್ತಿತ್ತು. ಅಷ್ಟು ಹೊತ್ತು ಜನ ರಸ್ತೆ, ನಳ ಎಂದೇ ಕೇಳಿದ್ದರು. ಆಪರೇಟರ್ ರಾಜಶ್ರೀ ಸಿದ್ದವ್ವನ ಹೆಸರು ಟೈಪ್ ಮಾಡಿದಳು.

“ನಿಮ್ಮ ಹೆಸರು ಎಲ್ಲೂ ಬರವಲ್ದರಿ ಆಯಿ.”

“ಕುಂಡ್ರು ಸಾಕು,” ಎಂದ ಗಂಡಸರ ಸಾಲಿನಲ್ಲಿದ್ದ ಅವಳ ಗಂಡ ರೇವಣಪ್ಪ, ಕತ್ತೆತ್ತದೆ. “ಇಪ್ಪತ್ತೆರಡ ವರ್ಸ ಇದನ್ನ ಕೇಳೇನಿ.”

ಅವರ ಏಳು ವರ್ಷದ ಮಗಳು ಕಸ್ತೂರಿ ಶಾಲೆಯ ಹಿಂದಿನ ಬಾವಿಗೆ ಬಿದ್ದು ತೀರಿಹೋದಾಗ ಅವನು ಕುರಿ ಹೊಡೆದುಕೊಂಡು ದೂರದ ಸೀಮೆಯಲ್ಲಿದ್ದ. ಮರಳಿ ಬಂದವನು ಕೇಳಿದ್ದು ಒಂದೇ: ಬಾವಿಗೆ ಕಟ್ಟೆ ಇಲ್ಲದ್ದು ನಿನಗೆ ಕಾಣಲಿಲ್ಲವೇ? ಕಂಡಿತ್ತು, ಸಭೆಯಲ್ಲಿ ಹೇಳಿಯೂ ಇದ್ದೆ ಎಂದಳು ಸಿದ್ದವ್ವ. ಅವನು ಊರಲ್ಲೆಲ್ಲ ವಿಚಾರಿಸಿದ. ಯಾರೂ ಹೌದು ಅನ್ನಲಿಲ್ಲ. ಆಮೇಲೆ ಅವನು ಅವಳನ್ನು ಬಯ್ಯಲೂ ಇಲ್ಲ, ನಂಬಲೂ ಇಲ್ಲ.

“ಹೆಸರು ಬಿಡ್ರಿ ಆಯಿ,” ಎಂದಳು ರಾಜಶ್ರೀ. “ಏನು ಕೇಳಿದ್ರಿ, ಅದನ್ನ ಹೇಳ್ರಿ.”

“ಸಾಲಿ ಹಿಂದಿನ ಬಾವಿಗೆ ಕಟ್ಟಿ ಕಟ್ಟಸ್ರಿ, ಹುಡುಗರು ಅಲ್ಲೇ ಆಡ್ತಾವು ಅಂದಿದ್ದೆ.”

ಈ ಸಲ ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೆ ಒಂದು ಪುಟ ಮೂಡಿತು. ರಾಜಶ್ರೀ ಓದತೊಡಗಿದಳು: “೨೦೦೩, ಜೂನ್ ಹದಿನಾಲ್ಕು. ಶಾಲೆಯ ಹಿಂದಿನ ಬಾವಿಗೆ ಕಟ್ಟೆ ಕಟ್ಟಿಸುವಂತೆ ಒಬ್ಬ ಹೆಣ್ಣುಮಗಳು ಕೇಳಿದ್ದು, ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು.”

“ಮುಂದಿನ ಸಭಿಯೊಳಗ?” ಯಾರೋ ಕೇಳಿದರು.

ರಾಜಶ್ರೀ ಮುಂದಿನ ಪುಟಗಳನ್ನು ನೋಡಿದಳು. ಬಾವಿಯ ಮಾತು ಮತ್ತೆ ಬಂದದ್ದು ಸೆಪ್ಟೆಂಬರಿನಲ್ಲಿ, ಕಸ್ತೂರಿ ಹೋದ ಹದಿನೈದು ದಿನಕ್ಕೆ. ಕಟ್ಟೆ ಕಟ್ಟಿಸಲು ಅಂದು ಎಲ್ಲರೂ ಒಪ್ಪಿದ್ದರು.

ರೇವಣಪ್ಪ ಈಗ ಗೋಡೆಯನ್ನೇ ನೋಡುತ್ತಿದ್ದ. “ಒಬ್ಬ ಹೆಣ್ಣುಮಗಳು ಅಂದ್ರ... ಯಾರರ ಇರಬಹುದಲ್ರಿ?”

ಪಿಡಿಒ ಅನೀಲಕುಮಾರ ಎದ್ದು ಹೋಗಿ ಕಪಾಟಿನಿಂದ ಆ ವರ್ಷದ ಪುಸ್ತಕವನ್ನೇ ತಂದರು. ಹಾಜರಿಯ ಪುಟದಲ್ಲಿ ಐವತ್ತಕ್ಕೂ ಹೆಚ್ಚು ಸಹಿಗಳು, ಎಲ್ಲ ಗಂಡಸರವು. ಕೊನೆಯಲ್ಲಿ ಒಂದೇ ಒಂದು ಹೆಬ್ಬೆಟ್ಟು. ಅದರ ಮಸಿ ಪಕ್ಕದ ಹೆಸರಿನ ಮೇಲೆ ಹರಡಿ ಅಕ್ಷರಗಳನ್ನು ಮುಚ್ಚಿತ್ತು. ಕಂಪ್ಯೂಟರಿಗೆ ಓದಲು ಬಾರದೆ ಹೋದದ್ದು ಅದಕ್ಕೇ. ಅವರು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನಿಧಾನವಾಗಿ ಓದಿದರು.

“ಸಿದ್ದವ್ವ, ಗಂಡ ರೇವಣಪ್ಪ. ಅವತ್ತು ಬಂದ ಹೆಣ್ಣುಮಗಳು ಇವ್ರೊಬ್ರ ಅದಾರ.”

ರೇವಣಪ್ಪ ಎದ್ದ. ಜನರ ನಡುವೆ ಹಾಗೆಯೇ ನಿಂತುಕೊಂಡ. ಹೆಗಲ ಮೇಲಿನ ಟವೆಲ್ಲು ಜಾರಿ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

ರಾಜಶ್ರೀ ಎರಡೂ ಪುಟಗಳ ಪ್ರಿಂಟ್ ತೆಗೆದು ಸಿದ್ದವ್ವನ ಬಳಿಗೆ ಬಂದಳು. “ತಗೋರಿ ಆಯಿ.”

ಸಿದ್ದವ್ವ ಕೈ ಚಾಚಲಿಲ್ಲ.

“ನನಗ್ಯಾಕವ್ವ? ನನಗ ಗೊತ್ತೇ ಇತ್ತಲ್ಲ,” ಎಂದು ಗಂಡನ ಕಡೆ ತೋರಿಸಿದಳು. “ಅವ್ರಿಗೆ ಕೊಡು.”